ತಲೆ ಮುಟ್ಟಿಕೊಂಡರೆ ಮೊದಲಿನಿಂದ

ಯಾರಿಗೂ ಹೇಳಿಕೊಳ್ಳಲಾಗದ ಒಂದು ಸಣ್ಣ ಚಿಂತೆ ಆ ವಸಂತದಲ್ಲಿ ನನ್ನನ್ನು ಕೊರೆಯುತ್ತಿತ್ತು. ನಾನು ಬರೆದ ನಾಟಕದಲ್ಲಿ ನನ್ನದು ಎನ್ನುವ ಮಾತು ಒಂದೇ ಒಂದು ಉಳಿದಿತ್ತು. ಅದೂ ಉಳಿಯುವ ಲಕ್ಷಣವಿರಲಿಲ್ಲ. ದಿನಚರಿಯಲ್ಲಿ ಇದನ್ನು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಉಳಿದ ಮಾತುಗಳು ಹೋದದ್ದಕ್ಕೆ ನನಗೆ ದುಃಖವೇ ಆಗಲಿಲ್ಲ, ಅವರು ಆಡಿದ್ದೇ ಚೆನ್ನಾಗಿದೆ, ಇದು ಇನ್ನೂ ದೊಡ್ಡ ಅವಮಾನ. ಬರೆದ ಮೇಲೆ ಆ ಸಾಲನ್ನು ಹೊಡೆದುಹಾಕಿದೆ. ನನ್ನ ದಿನಚರಿಯನ್ನು ಓದುವವರು ಯಾರೂ ಇಲ್ಲ, ಆದರೂ ಅದರ ಮುಂದೆಯೂ ನನಗೆ ಸಂಕೋಚ.

ನಾಟಕ ಆಡುತ್ತಿದ್ದದ್ದು, ಜಾಝ್ ಹುಟ್ಟಿದ ನಮ್ಮ ಊರಿನ ಏಳನೇ ವಾರ್ಡಿನ ನ್ಯೂಮಾ ಮಾವನ ತಂಡ. ಮಾವ ಹರೆಯದಲ್ಲೇ ನನ್ನ ತಾತ ಆಲ್ಸೀಡರ ಬ್ಯಾಂಡು ಸೇರಿ ಟ್ರಾಂಬೋನ್ ಊದಿದವರು. ಈಗ ಎಂಬತ್ತರ ಹತ್ತಿರ. ಮುಂದಿನ ಹಲ್ಲುಗಳು ಒಂದೊಂದಾಗಿ ವಿದಾಯ ಹೇಳಿದ ಮೇಲೆ ವಾದ್ಯವನ್ನು ಗೋಡೆಗೆ ತೂಗುಹಾಕಿ ನಾಟಕ ಆಡಿಸಲು ಹೊರಟರು. ವಾದ್ಯ ಗೋಡೆ ಸೇರಿತೇ ಹೊರತು ಬ್ಯಾಂಡು ಅವರ ತಲೆ ಬಿಟ್ಟು ಹೋಗಲಿಲ್ಲ. ಬೇರೆ ಊರುಗಳಲ್ಲಿ ನಟರು ಬರೆದ ಮಾತನ್ನು ಬಾಯಿಪಾಠ ಮಾಡುತ್ತಾರೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಮಾವನ ತಂಡದಲ್ಲಿ ಬರೆದದ್ದನ್ನು ಇದ್ದ ಹಾಗೆ ಓದುವುದು ಮೊದಲ ದಿನ ಮಾತ್ರ, ಅದೂ ಬರೆದವರ ಮರ್ಯಾದೆಗಾಗಿ. ಮರುದಿನದಿಂದ ಅದು ಬರೀ ರಾಗ. ಒಬ್ಬೊಬ್ಬರೂ ಅದರ ಮೇಲೆ ತಮ್ಮ ತಮ್ಮ ಸುತ್ತು ಹೊಡೆಯಬೇಕು.

ಮಾವ ಎದುರಿನ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೈಸನ್ನೆಯಲ್ಲೇ ನಡೆಸುತ್ತಾರೆ. ಬೆರಳು ತೋರಿಸಿದರೆ ನಿನ್ನ ಸರದಿ. ಮುಷ್ಟಿ ಎತ್ತಿದರೆ ನಿಲ್ಲಿಸು. ನೆತ್ತಿಯ ಮೇಲೆ ಅಂಗೈ ಇಟ್ಟರೆ ಮೊದಲಿಗೆ ವಾಪಸು. ಹಾಡಿನ ಆರಂಭದ ಭಾಗಕ್ಕೆ ನಮ್ಮ ವಾದ್ಯದವರು ‘ತಲೆ’ ಎನ್ನುತ್ತಾರೆ. ಎಲ್ಲರೂ ಎಲ್ಲೆಲ್ಲೋ ಅಲೆದಾಡಿ ಬಂದ ಮೇಲೆ ಮುಂದಾಳು ತಲೆ ಮುಟ್ಟಿಕೊಂಡರೆ ತಲೆಗೆ ಮರಳಬೇಕು. ಈ ಶಿಸ್ತಿನ ವಿಷಯದಲ್ಲಿ ನಮ್ಮವರು ಸೈನಿಕರು. ಏನು ಬೇಕಾದರೂ ಆಡುತ್ತಾರೆ, ಆದರೆ ಸನ್ನೆಯನ್ನು ಮೀರುವುದಿಲ್ಲ.

ನನ್ನ ನಾಟಕ ನನ್ನ ಅಜ್ಜಿ ಲಿಯೊಂಟೀನಳ ಎರಡು ವರ್ಷಗಳ ಕಥೆ. ಮದುವೆಯಾದ ಹೊಸತರಲ್ಲೇ ತಾತ ತುತ್ತೂರಿ ಹಿಡಿದು, ಬ್ಯಾಂಡು ಕಟ್ಟಿಕೊಂಡು ಪ್ಯಾರಿಸ್ಸು, ಕೋಪನ್‌ಹೇಗನ್ನು ಎಂದು ಹೊರಟುಹೋದರು. ಮೊದಲ ದೃಶ್ಯದಲ್ಲಿ ಅಜ್ಜಿ ಬಟ್ಟೆ ಒಣಹಾಕುತ್ತಾ ಒಂದೂವರೆ ಪುಟದಷ್ಟು ಮಾತಾಡುವಂತೆ ಬರೆದಿದ್ದೆ. ಅದರಲ್ಲಿ ನದಿ ಇತ್ತು, ಹಡಗಿನ ಕೂಗು ಇತ್ತು, ಖಾಲಿ ದಿಂಬು ಎರಡು ಕಡೆ ಇತ್ತು. ಅಜ್ಜಿಯ ಪಾತ್ರ ಮಾಡುವವಳು ವರ್ನೀಸ್, ಹಗಲು ಹೊತ್ತು ಶಾಲೆಯ ಬಸ್ಸು ಓಡಿಸುವ, ಭಾನುವಾರ ಚರ್ಚಿನ ಹೆಂಚು ಅಲುಗಾಡುವಂತೆ ಹಾಡುವ ಹೆಂಗಸು. ಆಕೆ ಅದನ್ನು ಓದಿ ಮುಗಿಸಿ ಕನ್ನಡಕ ತೆಗೆದಳು. ಇಷ್ಟೊಂದು ಮಾತಾಡುವ ಹೆಂಗಸಿನ ಬಟ್ಟೆ ಒಣಗುವುದು ಯಾವಾಗ ಎಂದು ಕೇಳಿದಳು. ಆಮೇಲೆ ಎದ್ದು ಇಲ್ಲದ ಹಗ್ಗಕ್ಕೆ ಇಲ್ಲದ ಅಂಗಿಯನ್ನು ಹರವಿ, “ಹೋದ” ಎಂದಳು. ಇನ್ನೊಂದು ಅಂಗಿ ಹರವಿ ಮತ್ತೆ “ಹೋದ” ಎಂದಳು, ಈ ಸಲ ಬೈಗುಳದ ಹಾಗೆ. ತಂಡದ ಡ್ರಮ್ಮಿನವನು ಒಂದೊಂದು ‘ಹೋದ’ಕ್ಕೂ ಹಿಂದಿನಿಂದ ಡ್ರಮ್ಮಿನ ಮೇಲೆ ಮೆಲ್ಲಗೆ ತಂತಿಯ ಕುಂಚ ಆಡಿಸಿ ಉತ್ತರ ಕೊಡುತ್ತಿದ್ದ. ಕೊನೆಯ ‘ಹೋದ’ ಬರುವ ಹೊತ್ತಿಗೆ ಅದರಲ್ಲಿ ನಗು ಸೇರಿಕೊಂಡಿತ್ತು, ನನ್ನ ಖಾಲಿ ದಿಂಬು ಎರಡೂ ಅದರೊಳಗೇ ಇದ್ದವು. ನಾನು ಪರದೆಯ ಹಿಂದೆ ಹೋಗಿ ಮೂಗು ಒರೆಸಿಕೊಂಡೆ.

ಹೀಗೆ ಒಂದೊಂದೇ ಪುಟ ಹೋಯಿತು. ನನಗೆ ಉಳಿದ ಕೆಲಸ, ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಮಾತು ಮರೆತವರಿಗೆ ನೆನಪಿಸುವುದು. ಬರೆದದ್ದನ್ನು ಯಾರೂ ಆಡದ ಕಡೆ ಯಾರು ಏನನ್ನು ಮರೆಯಲು ಸಾಧ್ಯ? ಬಿರುಬೇಸಿಗೆಯಲ್ಲಿ ಕಂಬಳಿ ಹಿಡಿದು ನಿಂತವಳ ಹಾಗೆ ನಾನು ಹಸ್ತಪ್ರತಿ ಹಿಡಿದು ಕೂತಿರುತ್ತಿದ್ದೆ. ತಾತನ ಪಾತ್ರದ ಆಕ್ಟೇವ್, ನಮ್ಮ ಬೀದಿಯ ಅಂಚೆಯವನು, ಹಾದುಹೋಗುವಾಗಲೆಲ್ಲ, “ಒಡೀಲ್, ಇವತ್ತಾದ್ರೂ ನಾನು ನಿನ್ನ ಒಂದು ಮಾತು ಆಡಿದ್ನೇನೆ?” ಎಂದು ಕೇಳುತ್ತಿದ್ದ. ನಾನು ನಕ್ಕು ತಲೆಯಾಡಿಸುತ್ತಿದ್ದೆ. ಉತ್ತರ ಕೊಡುವುದಕ್ಕಿಂತ ತಲೆಯಾಡಿಸುವುದು ನನಗೆ ಸುಲಭ. ನಾನು ಕೆಲಸ ಮಾಡುವುದು ಗ್ರಂಥಾಲಯದಲ್ಲಿ. ಅಲ್ಲಿ ಅದೇ ಸಂಬಳಕ್ಕೆ ಯೋಗ್ಯವಾದ ಗುಣ.

ಮಾವನಿಗೆ ಒಂದು ಸಿದ್ಧಾಂತವಿದೆ. ಲೋಕದಲ್ಲಿ ಯಾವ ವೇದಿಕೆಯ ಮೇಲೆ ಯಾರು ಏನು ಮಾಡಿದರೂ ಅದು ಈ ಊರಿನಿಂದ, ಅದರಲ್ಲೂ ನಮ್ಮ ನಾಲ್ಕು ಬೀದಿಗಳಿಂದ, ಹೊರಟದ್ದು. ಹಾಸ್ಯಗಾರ ನಗೆಮಾತಿಗೆ ಮುಂಚೆ ಒಂದು ಕ್ಷಣ ಸುಮ್ಮನಾಗುತ್ತಾನಲ್ಲ, ಅದು ನಮ್ಮದು. ಪಾದ್ರಿ ಒಂದೇ ಮಾತನ್ನು ಮೂರು ಸಲ ಏರಿಸಿ ಹೇಳುತ್ತಾನಲ್ಲ, ಅದು ನಮ್ಮಿಂದ ಕಲಿತದ್ದು. ಪಾದ್ರಿಗಳು ನಮಗಿಂತ ಹಳಬರಲ್ಲವೇ ಎಂದು ವರ್ನೀಸ್ ಕೇಳಿದರೆ, ಹಳಬರೇ, ಆದರೆ ತಾಳ ತಪ್ಪುತ್ತಿದ್ದರು ಎನ್ನುತ್ತಾರೆ. ಹಿಮದ ದೇಶದಲ್ಲಿ ಬ್ಯಾಲೆಯವಳೊಬ್ಬಳು ಸೊಂಟ ಅಲುಗಿಸಿದರೂ ಅವಳು ನಮ್ಮ ಅಪ್ಪಣೆ ಪಡೆಯಬೇಕಿತ್ತು ಎಂದು ಮಾವನ ಅಭಿಪ್ರಾಯ.

ಮಾವ ಹೇಳುವುದನ್ನು ಅರ್ಧಕ್ಕರ್ಧ ಕಳೆದರೂ ಉಳಿದದ್ದು ನಿಜ ಎಂಬುದು ನನಗೆ ಗೊತ್ತಿತ್ತು. ಏಕೆಂದರೆ ನಾನು ಇರುವುದು ಅಜ್ಜಿಯ ಜೊತೆ. ತಾತ ಸಮುದ್ರ ದಾಟಿದ ಮೇಲೆ ಅಜ್ಜಿ, ಈಗ ನಾವು ನಾಟಕ ಆಡುವ, ವಾರ್ಡಿನ ಸಂಘದ ಈ ಸಭಾಂಗಣ ಹಗಲು ಹೊತ್ತು ಖಾಲಿ ಬಿದ್ದಿರುತ್ತದೆಂದು ಬೀಗದ ಕೈ ಕೇಳಿ ಇಸಕೊಂಡಳು. ನೆಲ ಉಜ್ಜಿದಳು, ಮೇಣ ಹಾಕಿದಳು. ಬೀದಿಯ ಹುಡುಗಿಯರನ್ನು ಕರೆದು ಕುಣಿತ ಕಲಿಸತೊಡಗಿದಳು. ಎಲ್ಲಿಯೂ ಕಲಿತವಳಲ್ಲ. ತಾತ ಮನೆಯಲ್ಲಿ ಅಭ್ಯಾಸ ಮಾಡುವಾಗ ಕೇಳಿ ಕೇಳಿ ತುತ್ತೂರಿಯ ಓಡಾಟವೆಲ್ಲ ಅವಳ ಕಾಲಿಗೆ ಬಾಯಿಪಾಠವಾಗಿತ್ತು. ವಾದ್ಯ ಎಲ್ಲಿ ಎಳೆದು ತಡಮಾಡುತ್ತದೋ ಅಲ್ಲಿ ಭುಜವನ್ನು ತಡಮಾಡಿಸಿದಳು. ವಾದ್ಯಗಳೆಲ್ಲ ನಿಂತು ಒಬ್ಬನೇ ನುಡಿಸುವ ಜಾಗದಲ್ಲಿ ಕಾಲು ಮಾತಾಡಬೇಕು ಎಂದಳು. ಆಮೇಲೆ ನಲವತ್ತು ವರ್ಷ ಕಲಿಸಿದಳು. ಅವಳ ಹುಡುಗಿಯರಲ್ಲಿ ಒಬ್ಬಳು ಲಂಡನ್ನಿನ ರಂಗಮಂದಿರಗಳಲ್ಲಿ ಕುಣಿಸಿದಳು, ಒಬ್ಬಳು ಮಂಜಿನ ಮೇಲೆ ಜಾರುವವರಿಗೆ ಕಲಿಸಿದಳು, ಇನ್ನೊಬ್ಬಳ ಶಿಷ್ಯೆಯ ಶಿಷ್ಯೆ ದೊಡ್ಡ ದೊಡ್ಡ ಗಾಯಕರ ಹಿಂದೆ ಕುಣಿಯುವವರನ್ನು ತಯಾರು ಮಾಡುತ್ತಾಳೆ. ಸಂಜೆ ಟಿವಿಯಲ್ಲಿ ಎಲ್ಲಿಯದೋ ದೇಶದ ಹುಡುಗರು, ಬಣ್ಣದ ಕೂದಲಿನವರು, ಸಾಲಾಗಿ ಕುಣಿಯುತ್ತಿದ್ದರೆ ಅಜ್ಜಿ ಕಾಫಿ ಬಟ್ಟಲನ್ನು ಕೆಳಗಿಟ್ಟು ಬಗ್ಗಿ ನೋಡುತ್ತಾಳೆ.

“ಆ ಭುಜ ನಂದು,” ಎನ್ನುತ್ತಾಳೆ. “ಸೊಂಟ ಯಾರ್ದೋ ಗೊತ್ತಿಲ್ಲ. ಭುಜ ಮಾತ್ರ ನಂದೇ.”

ಆದರೆ ಊರಿಗೆ ಅಜ್ಜಿ ಗೊತ್ತಿರುವುದು ಭುಜದಿಂದಲ್ಲ. ಸೌಟಿನಿಂದ. ಮೂಲೆಯ ಅಂಗಡಿಯ ಗೋಡೆಯ ಮೇಲೆ ಎರಡಾಳೆತ್ತರದ ಚಿತ್ರವಿದೆ: ಮುಂದೆ ತುತ್ತೂರಿ ಎತ್ತಿದ ತಾತ, ಹಿಂದೆ ಬಾಗಿಲಲ್ಲಿ ಸೌಟು ಹಿಡಿದ ಅಜ್ಜಿ, ಕೆಳಗೆ ದಪ್ಪಕ್ಷರದಲ್ಲಿ ಅವಳ ಮಾತು. ಎರಡು ವರ್ಷದ ಮೇಲೆ ತಾತ ಬಂದು ಬಾಗಿಲು ಬಡಿದಾಗ ಅಜ್ಜಿ ಅಳಲಿಲ್ಲ, ಜಗಳವಾಡಲಿಲ್ಲ, “ಕಾಳು ಇನ್ನೂ ಬಿಸಿ ಇದೆ, ಬಾ ರಾಜ” ಎಂದಳಂತೆ. ಇದು ನಮ್ಮ ವಾರ್ಡಿನ ಹೆಮ್ಮೆ. ಮದುವೆಗಳಲ್ಲಿ ಹೇಳುತ್ತಾರೆ. ಸಂಘದ ಹಬ್ಬದಲ್ಲಿ ಒಬ್ಬರು “ಆಲ್ಸೀಡ್ ಬಾಗಿಲು ಬಡಿದಾಗ?” ಎಂದು ಕೂಗಿದರೆ ಇಡೀ ಸಭೆ ಕಾಳಿನ ಮಾತನ್ನು ಒಕ್ಕೊರಲಿನಲ್ಲಿ ಹೇಳಿ ಗಾಜಿನ ಲೋಟ ಎತ್ತುತ್ತದೆ. ಅಜ್ಜಿಯೂ ಎತ್ತುತ್ತಾಳೆ.

ಅದಕ್ಕೆ ಹಿಂದಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಜಗಲಿಯ ಮೇಲೆ ಸಿಗಡಿ ಸುಲಿಯುತ್ತಾ ಕೂತಿದ್ದಾಗ, ಕಾಳಿನ ಆ ಮಾತು ನಿನಗೆ ಹೇಗೆ ಹೊಳೆಯಿತು ಎಂದು ನಾನು ಕೇಳಿದೆ. ಅಜ್ಜಿ ಸಿಪ್ಪೆಯನ್ನು ಬಟ್ಟಲಿಗೆ ಹಾಕಿದಳು.

“ಅವನು ಬಂದದ್ದು ಗುರುವಾರ. ಗುರುವಾರ ಯಾರಾದ್ರೂ ಕಾಳು ಬೇಯಿಸ್ತಾರೇನೇ?”

ನನ್ನ ಕೈ ನಿಂತಿತು. ಕೆಂಪು ಕಾಳು ನಮ್ಮಲ್ಲಿ ಸೋಮವಾರದ ಅಡುಗೆ. ಬೇರೆ ದಿನ ಬೇಯಿಸಿದರೆ ನೆರೆಯವರು ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿಕೊಂಡು ಬರುತ್ತಾರೆ. ಅರವತ್ತು ವರ್ಷದಿಂದ ಒಂದು ವಾರ್ಡಿಗೆ ವಾರ್ಡೇ ಈ ಕಥೆ ಹೇಳುತ್ತಿತ್ತು, ಒಬ್ಬರೂ ವಾರ ಯಾವುದೆಂದು ಕೇಳಿರಲಿಲ್ಲ.

ತಾತ ಬಡಿದದ್ದು ಮನೆಯ ಬಾಗಿಲನ್ನೇ ಅಲ್ಲವಂತೆ. ಮನೆಗೆ ಬೀಗ ಇದ್ದದ್ದು ಕಂಡು, ಕೇಳಿಕೊಂಡು ಸಭಾಂಗಣಕ್ಕೆ ಬಂದರಂತೆ. ಒಳಗೆ ಹುಡುಗಿಯರು ಸಾಲಾಗಿ ನಿಂತಿದ್ದರು. ಅಜ್ಜಿ ಬಾಗಿಲು ತೆರೆದು, ಗಂಡನನ್ನು ಮೇಲಿಂದ ಕೆಳಗೆ ನೋಡಿ, “ನಾನೇನೂ ಕಾಯ್ತಾ ಕೂತಿರ್ಲಿಲ್ಲ. ಬೂಟು ಬಿಚ್ಚು, ನೆಲಕ್ಕೆ ಮೇಣ ಹಾಕಿದೆ” ಎಂದಳಂತೆ. ತಾತ ಬೂಟು ಬಿಚ್ಚಿ, ಗೋಡೆಗೆ ಒರಗಿ ಕುಳಿತು, ತನ್ನ ತುತ್ತೂರಿಯ ಓಡಾಟಗಳನ್ನೆಲ್ಲ ಇಪ್ಪತ್ತು ಪುಟ್ಟ ಕಾಲುಗಳ ಮೇಲೆ ನೋಡಿದರಂತೆ. ಪಾಠ ಮುಗಿಯುವ ತನಕ ಅಲ್ಲಿಂದ ಏಳಲಿಲ್ಲವಂತೆ.

ಹಾಗಾದರೆ ಕಾಳು ಎಲ್ಲಿಂದ ಬಂತು ಎಂದೆ.

“ಹಿಂದೆ ನ್ಯೂಮಾ ನಿಂತಿದ್ದ, ಪೆಟ್ಟಿಗೆ ಹಿಡ್ಕೊಂಡು. ಹದಿನೆಂಟು ವರ್ಷದವನು, ಹಡಗಿಳಿದು ಏನೂ ತಿಂದಿರ್ಲಿಲ್ಲ. ಹೊಟ್ಟೆ ಹಸಿದವನ ಕಿವಿಗೆ ಏನ್ ಬಿದ್ರೂ ಅದು ಊಟವೇ.”

ಯಾಕೆ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ತಾತನಿಗೆ ಆ ಕಥೆ ಇಷ್ಟವಾಗಿತ್ತು, ಜನಕ್ಕೂ ಇಷ್ಟವಾಯಿತು, ಚೆನ್ನಾಗಿ ಕಾಲು ಕುಣಿಸುವ ರಾಗವನ್ನು ಮಧ್ಯದಲ್ಲಿ ನಿಲ್ಲಿಸಬಾರದು ಎಂದಳು. ಸೌಟು ಹಿಡಿಸಿದ್ದಾರೆ, ಇರಲಿ, ಕೈಯಲ್ಲಿ ಏನೂ ಇಲ್ಲದಿದ್ದರೆ ಚಿತ್ರಕ್ಕೆ ನಿಂತವಳ ಹಾಗೆ ಕಾಣುತ್ತಿದ್ದೆ ಎಂದು ನಕ್ಕಳು. ಆಮೇಲೆ, ಬಲಗಿವಿ ಆಗಲೇ ಹೋಗಿದೆ, ಎಡಗಿವಿಯೂ ಗಂಟುಮೂಟೆ ಕಟ್ಟುತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ಬೇರೆ ಯಾರದೋ ಸುದ್ದಿಯಂತೆ ಹೇಳಿದಳು.

“ಕಿವಿ ಪೂರ್ತಿ ಹೋಗೋಕ್ ಮುಂಚೆ ಯಾರಾದ್ರೂ ಒಂದ್ಸಲ ಆ ಮಾತನ್ನ ಸರಿಯಾಗಿ ಹೇಳಿದ್ರೆ ಕೇಳ್ಬೇಕು ಅನ್ಸತ್ತೆ ಕಣೆ. ಒಂದ್ಸಲ ಸಾಕು.”

ನಾನು ನಾಟಕ ಬರೆದದ್ದು ಆ ಒಂದು ಸಲಕ್ಕಾಗಿ. ಉಳಿದ ಪುಟಗಳೆಲ್ಲ ಆ ಒಂದು ಮಾತಿನ ತನಕ ನಡೆದುಕೊಂಡು ಹೋಗುವ ದಾರಿ. ಈಗ ದಾರಿಯನ್ನು ಅವರು ತಮಗೆ ಬೇಕಾದ ಹಾಗೆ ತಿರುಗಿಸಿದ್ದರು, ತಿರುವುಗಳು ಚೆನ್ನಾಗಿಯೇ ಇದ್ದವು. ಹುಡುಗಿಯರ ಕುಣಿತ ಇತ್ತು, ಮೇಣ ಹಾಕುವ ದೃಶ್ಯ ಇತ್ತು. ಆದರೆ ಕೊನೆಗೆ ಆಕ್ಟೇವ್ ಬಂದು ಬಾಗಿಲು ಬಡಿದಾಗ ವರ್ನೀಸಳ ಕೈಗೆ ಸೌಟು ಕೊಟ್ಟು ಕಾಳಿನ ಮಾತನ್ನೇ ಆಡಿಸಬೇಕೆಂದು ಮಾವ ತೀರ್ಮಾನಿಸಿದರು.

ಅದನ್ನು ಹೇಳಿದ ಸಂಜೆ ನಾನು ಕಾಫಿ ತೆಗೆದುಕೊಂಡು ಅವರ ಕುರ್ಚಿಯ ಹತ್ತಿರ ಹೋದೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡ ಮಾತು ನಾಲಗೆಯ ತುದಿಯಲ್ಲಿತ್ತು. ಮಾವ, ಕೊನೆಯ ಮಾತನ್ನು ಬರೆದ ಹಾಗೇ ಇಡಬಹುದಾ? ಇಷ್ಟೇ. ನಾನು “ಮಾವ, ಕೊನೆಯ...” ಎನ್ನುವಷ್ಟರಲ್ಲಿ ಅವರಿಗೆ ಅರ್ಥವಾಯಿತು. ಅವರೇನು ದಡ್ಡರಲ್ಲ.

“ನೋಡು ಮಗಳೇ, ಬೇರೆ ಯಾವ ಮಾತನ್ನ ಬೇಕಾದ್ರೂ ನಾವು ಮಡಚಿ ತಿರುಚಿ ಆಡಬಹುದು. ಆದ್ರೆ ಈ ಒಂದು ಮಾತನ್ನ ಜನ ನಮ್ಮ ಜೊತೆ ಸೇರ್ಕೊಂಡು ಹೇಳ್ತಾರೆ. ಜನ ಜೊತೆಗೆ ಹೇಳೋ ಮಾತನ್ನ ಅವರ ಬಾಯಿಂದ ಕಿತ್ಕೊಂಡ್ರೆ ಅದು ಕಳ್ಳತನ. ನಾನು ಅಲ್ಲೇ ನಿಂತಿದ್ದೆ, ನನ್ನ ಈ ಕಿವಿಯಾರೆ ಕೇಳಿದೀನಿ.”

ಲೋಕದ ಎಲ್ಲ ಹಾಡುಗಳನ್ನೂ ಬಿಚ್ಚಿ ಮತ್ತೆ ಹೊಲಿಯುವವರು, ಎರಡು ರಾತ್ರಿ ಒಂದೇ ತರಹ ನುಡಿಸಿದರೆ ಅವಮಾನ ಎಂದುಕೊಳ್ಳುವವರು, ಗೋಡೆಯ ಮೇಲೆ ಬರೆದ ಒಂದು ಮಾತಿಗೆ ಬಂದಾಗ ವೇದವಾಕ್ಯದಂತೆ ಕೈಮುಗಿದು ನಿಂತುಬಿಟ್ಟಿದ್ದರು. ಇದನ್ನೇ ನಾನು ಹೇಳಬೇಕಿತ್ತು. ಆವತ್ತು ಯಾವ ವಾರ ಮಾವ ಎಂದಾದರೂ ಕೇಳಬೇಕಿತ್ತು. ಅವರು ಕಾಫಿ ಹೀರುತ್ತಾ, ಆ ಹಳೆಯ ಬಾಗಿಲು ಕಣ್ಣೆದುರಿಗೇ ಇದೆಯೇನೋ ಎಂಬಂತೆ ಸುಖವಾಗಿ ಕೂತಿದ್ದರು. “ಸರಿ ಮಾವ,” ಎಂದು ಲೋಟ ತೆಗೆದುಕೊಂಡು ಬಂದೆ.

ವರ್ನೀಸ್ ಇದನ್ನೆಲ್ಲ ನೋಡಿದ್ದಳು. ಆ ದಿನ ಮನೆಗೆ ಬಿಡುತ್ತೇನೆಂದು ತನ್ನ ಖಾಲಿ ಶಾಲಾಬಸ್ಸಿನಲ್ಲಿ ಹತ್ತಿಸಿಕೊಂಡಳು. ಚಿಕ್ಕ ಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಗಲುವಂತೆ ಕೂತಿದ್ದ ನನ್ನನ್ನು ಕನ್ನಡಿಯಲ್ಲಿ ನೋಡುತ್ತಾ ಅವಳು ಏನು ವಿಷಯವೆಂದು ಕೇಳಿದಳು. ನಾನು ಒಡಕು ಒಡಕಾಗಿ ಗುರುವಾರದ ವಿಷಯ ಹೇಳಿದೆ, ಬೂಟಿನ ವಿಷಯ ಹೇಳಿದೆ, ಕಿವಿಯ ವಿಷಯ ಹೇಳಿದೆ. ಅವಳು ಕೆಂಪು ದೀಪದಲ್ಲಿ ಬಸ್ಸು ನಿಲ್ಲಿಸಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಕ್ಕಳು. ಹಸಿರು ಬಂದರೂ ನಗುತ್ತಿದ್ದಳು, ಹಿಂದಿನ ಗಾಡಿಗಳು ಹಾರ್ನು ಹೊಡೆದವು.

ನೀನಾದರೂ ಆ ಮಾತು ಹೇಳಬಹುದಲ್ಲ ವರ್ನೀಸ್, ನೀನು ಹೇಳಿದರೆ ಯಾರು ತಡೆಯುತ್ತಾರೆ ಎಂದೆ.

“ಅದು ನಿನ್ನ ಸರದಿ ಪುಟ್ಟೀ. ಇನ್ನೊಬ್ರ ಸರದೀಲಿ ನಾನು ಊದಲ್ಲ. ನಿನ್ನ ಬಾಯಿ ಇರೋದು ಬರೀ ಕಾಫಿ ಕುಡಿಯೋಕಾ?” ಎಂದಳು. ಮನೆಯ ಮುಂದೆ ಬಾಗಿಲು ತೆರೆದು, ಪುಟ್ಟ ಮಕ್ಕಳಿಗೆ ಹೇಳುವಂತೆ, ಮೆಟ್ಟಿಲು ನೋಡಿಕೊಂಡು ಇಳಿ ಎಂದಳು.

ಆಟದ ದಿನ ಮೇ ತಿಂಗಳ ಶನಿವಾರ. ಮಳೆ ಬಂದು ನಿಂತು, ಗಾಳಿ ಬೇಯಿಸಿದ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಸಭಾಂಗಣದ ಕಿಟಕಿಗಳನ್ನೆಲ್ಲ ತೆರೆದಿದ್ದರು. ಜನ ಕಿಕ್ಕಿರಿದಿದ್ದರು. ಎಲ್ಲರ ಕೈಯಲ್ಲೂ ಕಾಗದದ ಬೀಸಣಿಗೆ. ಅಜ್ಜಿ ಮುಂದಿನ ಸಾಲಿನಲ್ಲಿ, ಎಡಗಿವಿ ವೇದಿಕೆಯ ಕಡೆಗಿರುವಂತೆ ಓರೆಯಾಗಿ, ನೇರಳೆ ಟೊಪ್ಪಿಗೆ ಹಾಕಿಕೊಂಡು ಕೂತಿದ್ದಳು. ಟೊಪ್ಪಿಗೆಯಿಂದಾಗಿ ಅವಳ ಹಿಂದಿನವರಿಗೆ ನಾಟಕ ಕಾಣುವಂತಿರಲಿಲ್ಲ. ಯಾರೂ ದೂರಲಿಲ್ಲ. ಮಾವ ಬಿಳಿ ಸೂಟು ತೊಟ್ಟು ಅವಳಿಂದ ಮಾರು ದೂರದಲ್ಲಿ, ನಟರಿಗೆಲ್ಲ ಕಾಣುವಂತೆ ಕೂತಿದ್ದರು. ದೀಪದ ಬೆಳಕಿಗೆ ಅವರ ಬೋಳು ತಲೆ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ನಾನು ಪರದೆಯ ಮರೆಯಲ್ಲಿ, ಸ್ಟೂಲಿನ ಮೇಲೆ, ಹಸ್ತಪ್ರತಿ ಹಿಡಿದು.

ಆಟ ಹತ್ತಿಕೊಂಡಿತು. ವರ್ನೀಸ್ ಆ ಸಂಜೆ ‘ಹೋದ’ವನ್ನು ನಾನು ಎಂದೂ ಕೇಳದ ರೀತಿಗಳಲ್ಲಿ ಹೇಳಿದಳು. ಜನ ನಡುನಡುವೆ, ಹೌದವ್ವಾ, ಹೇಳವ್ವಾ, ಎನ್ನುತ್ತಿದ್ದರು. ಹುಡುಗಿಯರು ಕುಣಿದಾಗ ಅಜ್ಜಿಯ ಬೀಸಣಿಗೆ ನಿಂತು ಅವಳ ಬಲಭುಜ ತಾನಾಗಿ ಒಂದು ಕೂದಲೆಳೆಯಷ್ಟು ತಡಮಾಡಿ ಅಲುಗಿತು.

ಕೊನೆಯ ದೃಶ್ಯಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಗೆದ್ದಲು ಬಂದವು. ಮೇ ತಿಂಗಳಲ್ಲಿ ಅವು ಬರದ ಮನೆಯಿಲ್ಲ. ಕತ್ತಲಾಗುವ ಹೊತ್ತಿಗೆ ರೆಕ್ಕೆ ಕಟ್ಟಿಕೊಂಡು, ಎಲ್ಲಿ ದೀಪವೋ ಅಲ್ಲಿಗೆ. ಮೊದಲು ಒಂದೆರಡು ಬಂದವು, ಯಾರೂ ಲೆಕ್ಕಿಸಲಿಲ್ಲ. ಅವುಗಳಲ್ಲಿ ಒಂದು ಮಾವನ ತಲೆಯನ್ನೂ ದೀಪವೆಂದೇ ತಿಳಿಯಿತು. ಮಾವ ಅಂಗೈಯಿಂದ ನೆತ್ತಿಯನ್ನು ಒತ್ತಿಕೊಂಡರು.

ವೇದಿಕೆಯ ಮೇಲೆ ವರ್ನೀಸ್ ಅರ್ಧ ಮಾತಿನಲ್ಲಿ ನಿಂತಳು. ಆಕ್ಟೇವ್ ಪಕ್ಕದಲ್ಲಿ ಪೆಟ್ಟಿಗೆ ಹಿಡಿದು, ಇನ್ನೇನು ಬಾಗಿಲು ಬಡಿಯಲು ಕೈ ಎತ್ತಿದ್ದವನು, ಒಂದು ಸಲ ಮಾವನನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. ಸನ್ನೆ ಸನ್ನೆಯೇ. ಡ್ರಮ್ಮಿನವನು ಕುಂಚ ತೆಗೆದುಕೊಂಡ, ವರ್ನೀಸ್ ಇಲ್ಲದ ಹಗ್ಗಕ್ಕೆ ಇಲ್ಲದ ಅಂಗಿ ಹರವಿ “ಹೋದ” ಎಂದಳು. ನಾಟಕ ಮೊದಲಿನಿಂದ ಶುರುವಾಯಿತು.

ಮಾವನಿಗೆ ಏನಾಯಿತೆಂದು ತಿಳಿಯಲು ಒಂದು ದೃಶ್ಯವೇ ಬೇಕಾಯಿತು. ಅಷ್ಟರಲ್ಲಿ ಜನ ಇದನ್ನು ಒಪ್ಪಿಕೊಂಡುಬಿಟ್ಟಿದ್ದರು, ಬೇಕೆಂದೇ ಮಾಡಿದ್ದಾರೆ, ಈ ಸಲದ ‘ಹೋದ’ ಹೋದ ಸಲಕ್ಕಿಂತ ಚೆನ್ನಾಗಿದೆ ಎಂದು ಹಿಂದಿನ ಸಾಲಿನಲ್ಲಿ ಚರ್ಚೆ ನಡೆಯಿತು. ಮಾವ ಬೆರಳಾಡಿಸಿ ಆಟವನ್ನು ಓಡಿಸಿದರು. ಮತ್ತೆ ಆಕ್ಟೇವ್ ಪೆಟ್ಟಿಗೆ ಹಿಡಿದು ಬಾಗಿಲ ತನಕ ಬಂದ. ಮತ್ತೆ ಮಾವನ ತಲೆಯ ಮೇಲೆ ಚಪ್ ಎಂದು ಸದ್ದಾಯಿತು. ಪ್ಯಾರಿಸ್ಸಿನಿಂದ ಬಂದ ಮನುಷ್ಯ ಬಂದ ದಾರಿಯಲ್ಲೇ ಹಿಂದೆ ಹಿಂದೆ ನಡೆದು ಹೋದ. ಅಜ್ಜಿ ಟೊಪ್ಪಿಗೆ ಜಾರುವಷ್ಟು ನಗುತ್ತಿದ್ದಳು. ಇವನನ್ನು ಎಷ್ಟು ಸಲ ಕಳಿಸುತ್ತೀರಪ್ಪ, ಒಂದು ಸಲ ಹೋದದ್ದೇ ಸಾಕಾಗಿತ್ತು ಎಂದು ಅವಳು ಪಕ್ಕದವಳಿಗೆ ಹೇಳಿದ್ದು, ಕಿವುಡರ ಪಿಸುಮಾತಾದ್ದರಿಂದ, ಇಡೀ ಸಭೆಗೆ ಕೇಳಿಸಿತು.

ಮೂರನೆಯ ಸಲ ಮಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತರು. ಹುಳುಗಳು ಈಗ ಮೋಡವಾಗಿ ಬಂದಿದ್ದವು, ಅವರ ತಲೆಯ ಮೇಲೆ ರೆಕ್ಕೆ ಬಿಚ್ಚಿ ಬೀಳುತ್ತಿದ್ದವು. ಆ ಮನುಷ್ಯ ಅಲುಗಲಿಲ್ಲ. ಹುಡುಗಿಯರು ಕುಣಿದರು. ವರ್ನೀಸ್ ನೆಲಕ್ಕೆ ಮೇಣ ಹಾಕಿದಳು. ಆಕ್ಟೇವ್ ಬಂದ, ಪೆಟ್ಟಿಗೆ ಇಳಿಸಿದ, ಮರದ ಚೌಕಟ್ಟಿಗೆ ಬಡಿದ. ಆಗ ಹಿಂದಿನಿಂದ ಯಾರೋ ದೀಪ ಆರಿಸ್ರೋ ಎಂದರು, ಇನ್ನಿಬ್ಬರು ಅದನ್ನೇ ಹೇಳಿದರು. ಮೇ ತಿಂಗಳಲ್ಲಿ ಅದಕ್ಕೆ ಬೇರೆ ಪರಿಹಾರವಿಲ್ಲ. ಬಾಗಿಲ ಬಳಿ ಕೂತವರು ಗುಂಡಿ ಒತ್ತಿದರು.

ಕತ್ತಲಾಯಿತು. ಬೀಸಣಿಗೆಗಳ ಸದ್ದು ಮಾತ್ರ. ಮಾವನ ಕೈ ಯಾರಿಗೂ ಕಾಣುವಂತಿರಲಿಲ್ಲ. ಅವರ ಇಷ್ಟು ವರ್ಷಗಳ ಆಡಳಿತ ಒಂದು ಗುಂಡಿಯೊಂದಿಗೆ ಮುಗಿದಿತ್ತು. ಆಕ್ಟೇವ್ ಏನು ಮಾಡಬೇಕೆಂದು ತಿಳಿಯದೆ ಇನ್ನೊಂದು ಸಲ ಬಡಿದ.

“ಹೇಳು ವರ್ನೀಸ್,” ಎಂದು ಮಾವ ಮೆಲ್ಲಗೆ ಅಂದದ್ದು ಕೇಳಿಸಿತು.

ವರ್ನೀಸ್ ಹೇಳಲಿಲ್ಲ. ಅವಳ ಬಳೆಗಳ ಸದ್ದು ವೇದಿಕೆಯ ನಡುವಿನಿಂದ ನನ್ನ ಕಡೆಗೆ ಬಂತು. ಪರದೆ ಸರಿಯಿತು. ಅವಳ ಅಂಗೈ ನನ್ನ ಬೆನ್ನಿನ ಮೇಲೆ ಬಂದು ನಿಂತಿತು. ತಳ್ಳಲಿಲ್ಲ, ಸುಮ್ಮನೆ ಇತ್ತು. ಡ್ರಮ್ಮಿನ ಕುಂಚವೂ ನಿಂತಿತ್ತು. ಎಲ್ಲ ವಾದ್ಯಗಳೂ ನಿಂತು ಒಬ್ಬರಿಗಾಗಿ ಜಾಗ ಬಿಡುತ್ತವಲ್ಲ, ಆ ಜಾಗವನ್ನು ನಾನು ಹುಟ್ಟಿದಾಗಿನಿಂದ ಹೊರಗಿನಿಂದ ಕೇಳಿದ್ದೆ. ಒಳಗಿನಿಂದ ಅದು ಇಷ್ಟು ಅಗಲವಾಗಿರುತ್ತದೆಂದು ಗೊತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಕೆಲವರು ಜಾಗ ತುಂಬಲು ತಾವೇ ಮುಂದಾದರು. “ಕಾಳು ಇನ್ನೂ...” ಎಂದು ಎರಡು ಮೂರು ದನಿಗಳು ಎದ್ದವು. ಇನ್ನೊಂದು ಉಸಿರಿಗೆ ಇಡೀ ಸಭೆ ಸೇರಿಕೊಳ್ಳುತ್ತಿತ್ತು, ಸೇರಿಕೊಂಡರೆ ಮುಗಿಯಿತು. ಆಗ ಕತ್ತಲಲ್ಲಿ ಅಜ್ಜಿಯ ದನಿ ಬಂತು. “ಸ್ವಲ್ಪ ತಡೀರಪ್ಪ. ಬಾಗಿಲು ಬಡೀತಿರೋದು ನನಗಲ್ವಾ?” ಜನ ನಕ್ಕು ಸುಮ್ಮನಾದರು. ಅಜ್ಜಿಯ ಕುರ್ಚಿ ಕಿರುಗುಟ್ಟಿತು; ಎಡಗಿವಿಯನ್ನು ಇನ್ನಷ್ಟು ಈ ಕಡೆಗೆ ತಿರುಗಿಸಿಕೊಂಡಳೆಂದು ತೋರಿತು.

ನಾನು ಎದ್ದು ನಿಂತೆ. ತೊಡೆಯ ಮೇಲಿದ್ದ ಹಾಳೆಗಳು ಜಾರಿ ನೆಲದ ತುಂಬ ಹರಡಿದ್ದು ಕೇಳಿಸಿತು. ನನಗೆ ಬರೆದ ಮಾತು ಬಾಯಿಗೆ ಬರಲಿಲ್ಲ. ಬೂಟೂ ಬರಲಿಲ್ಲ, ಮೇಣವೂ ಬರಲಿಲ್ಲ. ಬಂದದ್ದು ಬೇರೆ, ನನ್ನದೇ ದನಿಯಲ್ಲಿ, ಹಿಂದಿನ ಸಾಲಿನವರೆಗೂ ಕೇಳುವಷ್ಟು ಗಟ್ಟಿಯಾಗಿ.

“ಅಜ್ಜಿ ಕಾಯ್ತಾ ಇರ್ಲಿಲ್ಲ. ಕುಣಿಯೋದು ಕಲಿಸ್ತಾ ಇದ್ಲು.”